ಬಿಸಿಲಿನ ಪಂಪಿಗೆ ಹದವಾದ ಭಾರ
(ರಾಯಲ್ಪಾಡಿನ ರೈತರ ಕೂಟದಲ್ಲಿ ಮಾಡಿದ ಭಾಷಣ)



ನಮ್ಮದು ವರ್ಷವೆಲ್ಲ ಹರಿಯುವ ಹೊಳೆಯಿರುವ ಸೀಮೆಯಲ್ಲ. ಮಾವಿನ ಎಳೆಗಿಡಕ್ಕಾಗಲಿ, ಟೊಮೆಟೊ ಬೆಳೆಗಾಗಲಿ ಕೊಳವೆಬಾವಿಯ ನೀರೇ ಹೆಚ್ಚಿನ ಆಸರೆ. ಆ ನೀರನ್ನು ಬಿಸಿಲಿನ ಬಲದಿಂದ ಎತ್ತುವ ಪಂಪುಗಳಿಗೆ 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯಿಂದ ಉತ್ತೇಜನ ದೊರೆಯಿತು. ಇಂಥ ಪಂಪನ್ನು ಹಾಕಿಸುವಾಗ ಫಲಕಗಳೆಷ್ಟು ಎಂದು ಎಲ್ಲರೂ ಎಣಿಸುತ್ತಾರೆ. ಫಲಕಕ್ಕೂ ಪಂಪಿಗೂ ನಡುವೆ ಇರುವ ಕಂಟ್ರೋಲರ್ ಪೆಟ್ಟಿಗೆಯನ್ನು ವಿಚಾರಿಸುವವರು ಕಡಿಮೆ. ಫಲಕದ ಶಕ್ತಿಯಲ್ಲಿ ಎಷ್ಟು ಪಾಲು ನೀರಾಗಿ ಹೊರಬರುವುದೆಂಬುದಕ್ಕೆ ಆ ಪೆಟ್ಟಿಗೆಯೂ ಕಾರಣ.

ಕಪಿಲೆಯನ್ನು ಕಂಡ ಹಿರಿಯರು ಇದನ್ನು ಸುಲಭವಾಗಿ ತಿಳಿಯಬಲ್ಲರು. ಬಾನಿ ತೀರ ದೊಡ್ಡದಾದರೆ ಎತ್ತು ಹೆಜ್ಜೆ ಕೀಳಲಾರದು. ತೀರ ಚಿಕ್ಕದಾದರೆ ಎತ್ತು ಓಡುತ್ತದೆ, ನೀರು ಮಾತ್ರ ಬೊಗಸೆಯಷ್ಟೇ. ಎತ್ತಿನ ಬಲಕ್ಕೆ ತಕ್ಕ ಬಾನಿ ಕಟ್ಟಿದಾಗ ಹೆಚ್ಚು ನೀರು. ಸೌರ ಫಲಕದ ಸ್ವಭಾವವೂ ಹೀಗೆಯೇ. ಭಾರವೇ ಇಲ್ಲದಾಗ ಅದರ ವೋಲ್ಟ್ ಹೆಚ್ಚು, ಆಂಪಿಯರ್ ಸೊನ್ನೆ. ಭಾರ ಮಿತಿಮೀರಿದರೆ ಆಂಪಿಯರ್ ಇರುತ್ತದೆ, ವೋಲ್ಟ್ ಕುಸಿಯುತ್ತದೆ. ಇವೆರಡರ ಗುಣಲಬ್ಧವೇ ವಾಟ್, ಅಂದರೆ ದೊರೆಯುವ ಶಕ್ತಿ. ಅದು ಅತಿ ಹೆಚ್ಚಾಗುವುದು ನಡುವಿನ ಒಂದು ಬಿಂದುವಿನಲ್ಲಿ ಮಾತ್ರ.

ಒಂದು ಲೆಕ್ಕ ನೋಡೋಣ. 100 ವಾಟಿನ ಒಂದು ಫಲಕ 18 ವೋಲ್ಟಿನಲ್ಲಿ ಸುಮಾರು 5.5 ಆಂಪಿಯರ್ ಕೊಡುತ್ತದೆನ್ನೋಣ. ಅದನ್ನು ಮನೆದೀಪದ ಬ್ಯಾಟರಿಗೆ ನೇರವಾಗಿ ಕಟ್ಟಿದರೆ ಫಲಕವೂ ಬ್ಯಾಟರಿಯ 12.5 ವೋಲ್ಟಿಗೆ ಇಳಿಯುತ್ತದೆ. ಆಗ ಬರುವುದು 70 ವಾಟಿನ ಆಸುಪಾಸು. ಉಳಿದ 30 ವಾಟ್ ಕೈಬಿಟ್ಟಂತೆ. ನಡುವೆ ಒಳ್ಳೆಯ ಪರಿವರ್ತಕವಿದ್ದರೆ ಅದು ಫಲಕವನ್ನು 18 ವೋಲ್ಟಿನಲ್ಲೇ ನಿಲ್ಲಿಸಿ, ಹೆಚ್ಚುವರಿ ವೋಲ್ಟನ್ನು ಆಂಪಿಯರ್ ಆಗಿ ಮಾರ್ಪಡಿಸಿ, 90 ವಾಟಿಗಿಂತ ಹೆಚ್ಚನ್ನು ಬ್ಯಾಟರಿಗೆ ತಲಪಿಸಬಲ್ಲದು. ಪರಿವರ್ತಕದೊಳಗಿನ ಎಲೆಕ್ಟ್ರಾನಿಕ್ ಸ್ವಿಚ್ಚು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುತ್ತದೆ. ತಂತಿಯ ಸುರುಳಿಯೊಂದು ಶಕ್ತಿಯನ್ನು ಹಿಡಿದು ಬಿಡುತ್ತಿರುತ್ತದೆ.

ಆದರೆ ಆ ಬಿಂದು ಒಂದೇ ಕಡೆ ನಿಲ್ಲುವುದಿಲ್ಲ. ಮೋಡ ಬಂದರೆ ಆಂಪಿಯರ್ ಇಳಿಯುತ್ತದೆ, ಫಲಕ ಕಾದರೆ ವೋಲ್ಟ್ ಇಳಿಯುತ್ತದೆ. ಫಲಕದ ಮೇಲೆ ಬರೆದ ವಾಟ್ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯದು. ನಮ್ಮ ಬೇಸಗೆಯಲ್ಲಿ ಫಲಕ 60 ಡಿಗ್ರಿಗೆ ಕಾದರೆ ನೂರಕ್ಕೆ 12ರಿಂದ 14 ಪಾಲು ಶಕ್ತಿ ಕಡಿಮೆಯಾಗುವುದು ಸಹಜ. ಆದುದರಿಂದ ಕಂಟ್ರೋಲರ್ ದಿನವಿಡೀ ಭಾರವನ್ನು ಕೊಂಚ ಬದಲಿಸಿ ನೋಡುತ್ತದೆ. ಶಕ್ತಿ ಏರಿದರೆ ಅದೇ ದಾರಿಯಲ್ಲಿ ಮುಂದುವರಿಯುತ್ತದೆ, ಇಳಿದರೆ ಹಿಂದಿರುಗುತ್ತದೆ. ಬಿಸಿಲು ಎಳೆಯದಾಗಿದ್ದಾಗ ಮೋಟಾರಿನ ವೇಗ ತಗ್ಗಿಸಿ, ಏರಿದಂತೆ ಹೆಚ್ಚಿಸುತ್ತದೆ. ಕ್ಷಣಕ್ಷಣಕ್ಕೂ ಬಾನಿ ಬದಲಿಸುವ ಜಾಣ ಆಳಿನಂತೆ ಎನ್ನಿ. ನಮ್ಮ ಜಿಲ್ಲೆಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ ಸ್ಥಾಪಿಸಿದ 3 ಮೆಗಾವಾಟಿನಂಥ ಸೌರ ಸ್ಥಾವರಗಳಲ್ಲೂ ಇನ್ವರ್ಟರುಗಳು ಇದೇ ಕೆಲಸ ಮಾಡುತ್ತವೆ.

ಈ ಆಳಿಗೆ ನಾವು ನೆರವಾಗಬೇಕು. ಮೊದಲನೆಯದಾಗಿ, ಮಾವಿನ ಕೊಂಬೆಯ ನೆರಳು ಫಲಕದ ಮೇಲೆ ಬೀಳಕೂಡದು. ಒಂದು ಮೂಲೆಯ ನೆರಳೂ ಇಡೀ ಸಾಲಿನ ಶಕ್ತಿಯನ್ನು ತಗ್ಗಿಸುವುದುಂಟು. ಕಂಟ್ರೋಲರೂ ದಾರಿ ತಪ್ಪಿ ಕೆಳಗಿನ ಬಿಂದುವಿನಲ್ಲೇ ನಿಂತುಬಿಡಬಹುದು. ಎರಡನೆಯದಾಗಿ, ಬೇರೆ ಬೇರೆ ಅಳತೆಯ ಫಲಕಗಳನ್ನು ಒಂದೇ ಸಾಲಿಗೆ ಜೋಡಿಸಬಾರದು. ಮೂರನೆಯದಾಗಿ, ಧೂಳನ್ನು ಬೆಳಗಿನ ತಂಪಿನಲ್ಲಿ ನೀರು ಮತ್ತು ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ಎರಚಬಾರದು. ನಾಲ್ಕನೆಯದಾಗಿ, ಪೆಟ್ಟಿಗೆ ನೆರಳಿನಲ್ಲಿ, ಗಾಳಿಯಾಡುವಂತೆ ಇರಲಿ. ಕೆಟ್ಟಿತೆಂದು ಅದನ್ನು ಬಿಟ್ಟು ನೇರ ತಂತಿ ಎಳೆಯಲೇಕೂಡದು. ಬಿಸಿಲಿರುವಷ್ಟು ಹೊತ್ತೂ ಆ ತಂತಿಗಳಲ್ಲಿ ನೂರಾರು ವೋಲ್ಟ್ ಇರುತ್ತದೆ, ಮುಟ್ಟಿದರೆ ಪ್ರಾಣಾಪಾಯ.

ಪಂಪು ಸರಿಯಾಗಿದೆಯೇ ಎಂದು ತಿಳಿಯಲು ದುಬಾರಿ ಯಂತ್ರ ಬೇಡ. ತಿಂಗಳಿಗೊಮ್ಮೆ, ಮೋಡವಿಲ್ಲದ ನಡುಹಗಲಲ್ಲಿ, 200 ಲೀಟರಿನ ಡ್ರಮ್ಮು ತುಂಬಲು ಎಷ್ಟು ಹೊತ್ತಾಯಿತೆಂದು ಪುಸ್ತಕದಲ್ಲಿ ಬರೆದಿಡಿ. ಹೊತ್ತು ಹೆಚ್ಚುತ್ತಾ ಹೋದರೆ ಮೊದಲು ಧೂಳು, ನೆರಳು ನೋಡಿ. ಆಮೇಲೆ ಪೆಟ್ಟಿಗೆಯ ಮೇಲೆ ಕಾಣುವ ವಾಟನ್ನು ನೋಡಿ. ವಾಟ್ ಮೊದಲಿನಷ್ಟೇ ಇದ್ದು ನೀರು ಮಾತ್ರ ಕಡಿಮೆಯಾಗಿದ್ದರೆ, ಬಾವಿಯ ನೀರು ಆಳಕ್ಕೆ ಇಳಿದಿರಬಹುದು, ಇಲ್ಲವೇ ಪಂಪು ಸವೆದಿರಬಹುದು.

ಕಡೆಯದಾಗಿ ಒಂದು ಮಾತು. ಬಿಸಿಲಿಗೆ ಬಿಲ್ಲಿಲ್ಲ, ನಿಜ. ಆದರೆ ನಮ್ಮ ನೆಲದಡಿಯ ನೀರಿಗೆ ಮಿತಿಯುಂಟು. ಶಕ್ತಿ ಸಿಕ್ಕಿತೆಂದು ದಿನವಿಡೀ ಪಂಪು ಓಡಿಸಿದರೆ ಬಾವಿಯೇ ಬತ್ತೀತು. ಹನಿ ನೀರಾವರಿಯಿಂದ ಬೇಕಾದಷ್ಟೇ ಹರಿಸಿ. ನೀರು ಬೇಡವಾದ ತಿಂಗಳುಗಳಲ್ಲಿ ಅದೇ ಫಲಕಗಳಿಂದ ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿಗಳನ್ನು ನಡೆಸುವ ಕಂಟ್ರೋಲರುಗಳೂ ಇವೆ. ಕೊಳ್ಳುವ ಮುನ್ನ ಅದನ್ನೂ ವಿಚಾರಿಸಿ. ಬಿಸಿಲನ್ನು ಪೂರ್ತಿ ಹಿಡಿಯೋಣ, ನೀರನ್ನು ಹಿಡಿತದಲ್ಲಿ ಬಳಸೋಣ.