ಹಿಡಿ ಸಡಿಲವಾದ ಕತ್ತಿ

(ಮಲೆನಾಡಿನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಮಣ್ಣು ಮತ್ತು ಬೆಳೆಗಳ ಕುರಿತು ಮಾತನಾಡುವುದು ನನ್ನ ವೃತ್ತಿ. ಇಂದು ವೃತ್ತಿಯ ಮಾತು ಬೇಡ, ಹವ್ಯಾಸದ ಮಾತು ಆಡಿರೆಂದು ಸಂಘಟಕರು ಕೇಳಿದ್ದಾರೆ. ನನ್ನ ಹವ್ಯಾಸ ಕತ್ತಿ, ಕುಡುಗೋಲು, ಚೂರಿಗಳಿಗೆ ಹಿಡಿ ಮಾಡುವುದು. ಅಲಗು ನನ್ನದಲ್ಲ, ಅದು ಕುಲುಮೆಯವರ ವಿದ್ಯೆ. ಅವರು ಕೊಟ್ಟ ಅಲಗಿಗೆ, ಅದನ್ನು ಬಳಸುವವರ ಕೈಯ ಅಳತೆ ತೆಗೆದುಕೊಂಡು ಮರದ ಹಿಡಿ ಕೂರಿಸುತ್ತೇನೆ. ಇದು ಅಂಗೈಯಗಲದ ವಿಷಯವೆಂದು ನೀವು ನಗಬಹುದು. ನಾನೂ ಹಾಗೆಯೇ ತಿಳಿದಿದ್ದೆ.

ಉದ್ಯೋಗನಿಮಿತ್ತ ನಾನು ಕೆಲವು ವರ್ಷ ರಾಯಚೂರು ನಗರದಲ್ಲಿದ್ದೆ. ದೇವದುರ್ಗ, ಮಾನ್ವಿಗಳ ಹೊಲಗಳಿಗೆ ವಾರಕ್ಕೆರಡು ಬಾರಿ ಹೋಗಬೇಕಾಗುತ್ತಿತ್ತು. ಹೊರಡುವ ಮೊದಲು, ಆಷಾಢದ ಮಳೆಯಲ್ಲಿ, ನಮ್ಮ ಕೊಟ್ಟಿಗೆಯಲ್ಲಿ ಬಿದ್ದಿದ್ದ ಮತ್ತಿ ಮರದ ತುಂಡಿನಿಂದ ಒಂದು ಕತ್ತಿಗೆ ಹಿಡಿ ಹಾಕಿದ್ದೆ. ನೋಡಲು ಬಲು ಚೆಂದ. ಹೋದಲ್ಲೆಲ್ಲ ತೋರಿಸಿ ಬೀಗುತ್ತಿದ್ದೆ. ಮರುವರ್ಷದ ಏಪ್ರಿಲ್‌ನಲ್ಲಿ ದೇವದುರ್ಗದ ಬಳಿಯ ಹೊಲವೊಂದರಲ್ಲಿ ಹತ್ತಿಕಟ್ಟಿಗೆ ಕಡಿಯುತ್ತಿದ್ದ ಹೆಣ್ಣುಮಗಳೊಬ್ಬರಿಗೆ ಆ ಕತ್ತಿಯನ್ನು ನಾನೇ ಕೊಟ್ಟೆ. ನಾಲ್ಕೈದು ಏಟಿಗೆ ಅಲಗು ಹಿಡಿಯಿಂದ ಕಳಚಿ ತಿರುಗಿತು. ಅವರ ಎಡಗೈಗೆ ನಾಲ್ಕು ಹೊಲಿಗೆ ಬಿದ್ದವು. ಎಂಟು ದಿನ ಕೂಲಿ ತಪ್ಪಿತು. ಕೂಲಿಯ ಹಣವನ್ನು ನಾನು ಕೊಟ್ಟೆನಾದರೂ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ನಿಮ್ಮ ಕತ್ತಿಗಿಂತ ನಮ್ಮ ಕುಡಗೋಲೇ ಚಲೋ ಇತ್ತರೀ ಸರ."

ಆ ಕತ್ತಿಯನ್ನು ದೇವದುರ್ಗದ ಕಂಬಾರರೊಬ್ಬರ ಬಳಿಗೆ ಒಯ್ದೆ. ವಯಸ್ಸಾದವರು. ಹಿಡಿಯ ತೂತಿನೊಳಗೆ ಬೆರಳಿಟ್ಟು ನೋಡಿ, "ಇದು ನೀರಿನ ಸೀಮ್ಯಾಗ ಬೆಳದ ಕಟ್ಟಿಗಿ ಸಾಹೇಬ್ರ. ನಮ್ಮ ಬಿಸಲ ಕಂಡು ಹೆದರೇತಿ" ಎಂದರು.

ಡಾಕ್ಟರೇಟ್ ಪಡೆದ ನಾನು ಓದಿ ಮರೆತಿದ್ದ ಪಾಠ ಅದು. ಮರ ಕಡಿದ ಮೇಲೂ ಸುತ್ತಲಿನ ಗಾಳಿಯೊಡನೆ ನೀರಿನ ಕೊಡುಕೊಳ್ಳುವಿಕೆಯನ್ನು ನಿಲ್ಲಿಸುವುದಿಲ್ಲ. ನಮ್ಮ ಮಳೆಗಾಲದ ಗಾಳಿಯಲ್ಲಿ ಒಂದು ತುಂಡು ತನ್ನ ತೂಕದ ಶೇಕಡಾ 18ಕ್ಕೂ ಹೆಚ್ಚು ತೇವವನ್ನು ಹಿಡಿದಿಟ್ಟುಕೊಂಡೀತು. ರಾಯಚೂರಿನ ಬೇಸಿಗೆಯಲ್ಲಿ ಅದು ಶೇಕಡಾ 8ಕ್ಕಿಂತ ಕೆಳಗಿಳಿಯುತ್ತದೆ. ನೀರು ಹೋದಂತೆ ಮರ ಕುಗ್ಗುತ್ತದೆ. ಉದ್ದದಲ್ಲಿ ಇಲ್ಲವೆನ್ನುವಷ್ಟು, ಅಡ್ಡಡ್ಡ ಮಾತ್ರ ಸಾಕಷ್ಟು. ಹೆಚ್ಚಿನ ಮರಗಳಲ್ಲಿ ವರ್ತುಲಗಳ ಗುಂಟ ಆಗುವ ಕುಗ್ಗುವಿಕೆ ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಹೀಗಾಗಿ ದುಂಡಗಿನ ಹಿಡಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಸೀಳುತ್ತದೆ, ಬಳೆ ಸಡಿಲವಾಗುತ್ತದೆ. ಆದರೆ ಕಬ್ಬಿಣ ಕುಗ್ಗುವುದಿಲ್ಲ. ಕಳಚಿಕೊಳ್ಳದೆ ಅಲಗು ಇನ್ನೇನು ಮಾಡೀತು?

ಕಂಬಾರರು ಮೂಲೆಯಿಂದ ಎಳೆದುಕೊಟ್ಟದ್ದು ಬಳ್ಳಾರಿ ಜಾಲಿಯ ತುಂಡು. ನನಗೆ ಅಸಮಾಧಾನವೇ ಆಯಿತು. ನಮ್ಮಂಥವರಿಗೆ ಅದು ವೈರಿ ಗಿಡ. 1877ರಲ್ಲಿ ಜಮೈಕಾದಿಂದ ತರಿಸಿದ ಬೀಜಗಳಿಂದ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬೆಳೆಸಿದ ಈ ಮೆಕ್ಸಿಕೊ, ದಕ್ಷಿಣ ಅಮೆರಿಕಗಳ ಮರ, ಉರುವಲಿನ ಬರ ನೀಗಿಸಲೆಂದು ಬಂದದ್ದು, ಇಂದು ಕೃಷ್ಣೆಯ ದಂಡೆ, ಕೆರೆಯಂಗಳ, ಕಾಲುವೆಯ ಏರಿ, ಬೀಳುಭೂಮಿ ಯಾವುದನ್ನೂ ಬಿಟ್ಟಿಲ್ಲ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಜವುಳಾಗಿ ಉಪ್ಪು ಮೇಲೆದ್ದ ಹೊಲಗಳಲ್ಲಿ ಬೇರೆ ಗಿಡ ಬಾಡಿದಲ್ಲಿಯೂ ಅದು ಹಸಿರಾಗಿ ನಿಂತಿರುತ್ತದೆ. ಆದರೆ ಅದರ ಕೆಂಗಂದು ಚೇಗು ಗಟ್ಟಿ, ಭಾರ, ಮತ್ತು ಮುಖ್ಯವಾಗಿ ಕುಗ್ಗುವುದು ಅತ್ಯಲ್ಪ. ಕುಗ್ಗಿದರೂ ಎರಡೂ ದಿಕ್ಕಿಗೆ ಹೆಚ್ಚುಕಡಿಮೆ ಸಮನಾಗಿ. ಆ ತುಂಡಿನಿಂದ ಮಾಡಿದ ಹಿಡಿ ಈಗ ನಮ್ಮ ಹಲವು ಮಳೆಗಾಲಗಳನ್ನು ಕಂಡಿದೆ. ಅಲುಗಿಲ್ಲ.

ಮಾಡುವ ಕ್ರಮವನ್ನು ಹೇಳುತ್ತೇನೆ. ತೋಳಿನಷ್ಟು ದಪ್ಪದ ಕಾಂಡ ಬೇಕು. ಎಳೆಯದರಲ್ಲಿ ಚೇಗು ಇರುವುದಿಲ್ಲ. ಮುಳ್ಳಿನ ಬಗ್ಗೆ ಎಚ್ಚರ, ಚುಚ್ಚಿದರೆ ಕೈ ಊದುತ್ತದೆ. ಕಡಿದ ದಿನವೇ ಎರಡೂ ತುದಿಗಳಿಗೆ ಮೇಣ ಬಳಿದು, ತಿರುಳಿನ ಮಧ್ಯಕ್ಕೆ ಸೀಳಿ, ನೆರಳಿನಲ್ಲಿ ಒಣಗಿಸಬೇಕು. ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಸ್ಥೂಲ ಲೆಕ್ಕ. ನಾನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತುಂಡಿನ ಮೇಲೆಯೇ ಬರೆಯುತ್ತೇನೆ. ತೂಕ ಇಳಿಯುವುದು ನಿಂತಾಗ ಒಣಗಿತೆಂದು ಅರ್ಥ. (ತಕ್ಕಡಿಯ ವಿಷಯದಲ್ಲಿ ಮನೆಯಲ್ಲಿ ಇನ್ನೂ ರಾಜಿಯಾಗಿಲ್ಲ.) ಅನಂತರ ಅಲಗಿನ ಬಾಲಕ್ಕಿಂತ ತುಸು ಕಿರಿದಾದ ತೂತು ಕೊರೆದು, ಬಾಲವನ್ನು ಕಾಯಿಸಿ ಇಳಿಸಿ, ಹೊರತೆಗೆದು, ಇಟ್ಟಿಗೆಪುಡಿ ಬೆರೆಸಿದ ಅರಗನ್ನು ಕರಗಿಸಿ ತುಂಬಿ ಮತ್ತೆ ಕೂರಿಸಬೇಕು. ಬಾಲ ಕಾಯಿಸುವಾಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿ. ಇಲ್ಲವಾದರೆ ಕಂಬಾರರು ಕೊಟ್ಟ ಹದ ಹೋಗುತ್ತದೆ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಕೊನೆಗೆ ಅಗಸೆ ಎಣ್ಣೆ ಸವರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಎಸೆಯಬಾರದು, ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರವಿ ಒಣಗಿಸಿ.

ಆಕಾರದ ಬಗ್ಗೆ ಒಂದು ಮಾತು. ಅಂಗಡಿಯ ಹಿಡಿಗಳೆಲ್ಲ ಒಂದೇ ಅಳತೆಯವು, ಬಹುಮಟ್ಟಿಗೆ ಗಂಡಸರ ಕೈಗೆ ಹೊಂದುವಂಥವು. ಕುಡುಗೋಲು ಹಿಡಿಯುವವರು ಹೆಚ್ಚಾಗಿ ಹೆಂಗಸರು. ದಪ್ಪನೆಯ ಹಿಡಿಯನ್ನು ದಿನವಿಡೀ ಬಿಗಿಹಿಡಿದರೆ ಸಂಜೆಗೆ ಮಣಿಕಟ್ಟು ಮಾತು ಕೇಳುವುದಿಲ್ಲ. ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯವರು ರೂಪಿಸಿದ 'ನವೀನ್' ಕುಡುಗೋಲಿನಲ್ಲಿ, ಕೊಯ್ಯುವಾಗ ಕೈಗೆ ಪೆಟ್ಟಾಗದಂತೆ ಹಿಡಿಗೆ ಬಾಗು ಕೊಟ್ಟಿದ್ದಾರೆ. ನಾನು ಕಾಗದದ ಮೇಲೆ ಅವರವರ ಅಂಗೈಯನ್ನು ಬರೆದುಕೊಂಡು, ಅದರ ಅಗಲಕ್ಕೆ ಎರಡು ಬೆರಳು ಸೇರಿಸಿ ಉದ್ದವನ್ನು ನಿರ್ಧರಿಸುತ್ತೇನೆ. ಅಡ್ಡಕೊಯ್ತ ಮೊಟ್ಟೆಯಾಕಾರವಾಗಿರಲಿ, ಕತ್ತಲಲ್ಲಿಯೂ ಬಾಯಿ ಯಾವ ಕಡೆಗಿದೆಯೆಂದು ಅಂಗೈಗೆ ತಿಳಿಯುತ್ತದೆ. ದೇವದುರ್ಗದ ಆ ಹೆಣ್ಣುಮಗಳಿಗೂ ಒಂದನ್ನು ಮಾಡಿಕೊಟ್ಟೆ. ಅವರು ಮೊದಲು ಹಿಡಿಯನ್ನು ಕಲ್ಲಿಗೆ ಮೂರು ಸಲ ಬಡಿದು ಪರೀಕ್ಷಿಸಿದರು, ಆಮೇಲೆ ತೆಗೆದುಕೊಂಡರು.

ಈ ಹವ್ಯಾಸದ ಗೆಳೆಯರು ಕೆಲವರು ಘಟ್ಟದಲ್ಲಿರುವ ನನ್ನನ್ನು ಕೇಳುವುದು ಎರಡೇ: ಬೀಟೆ ಇದೆಯೇ, ಸಾರಂಗದ ಕೊಂಬು ಇದೆಯೇ. ಬೀಟೆಯನ್ನು ಅನುಮತಿಯಿಲ್ಲದೆ ಕಡಿಯುವಂತಿಲ್ಲ. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟಿಸ್ ಒಪ್ಪಂದದ ಕಡಿವಾಣವಿದೆ. ಕೊಂಬಿನ ವ್ಯಾಪಾರವನ್ನು 1972ರ ವನ್ಯಜೀವಿ ಕಾಯ್ದೆ ನಿಷೇಧಿಸುತ್ತದೆ. ಕಾಡಿನಲ್ಲಿ ಉದುರಿದ್ದೆಂದು ಎತ್ತಿ ತರುವುದೂ ಅಪಾಯವೇ. ಕಾನೂನು ಒತ್ತಟ್ಟಿಗಿರಲಿ, ನೂರು ವರ್ಷ ಬೆಳೆದ ಬೀಟೆಯನ್ನು ಚೂರಿಯ ಅಂದಕ್ಕೆಂದು ಕೇಳುವುದು ನನಗೆ ನಾಚಿಕೆಯ ವಿಷಯವಾಗಿ ತೋರುತ್ತದೆ. ಸವರಿದ ಹುಣಸೆ, ಪೇರಲೆ, ಕಿತ್ತ ಕಾಫಿ ಗಿಡದ ಬೊಡ್ಡೆ ನಮ್ಮಲ್ಲೇ ಇವೆ. ಗುಡ್ಡಗಳ ಮೇಲೆ ಅರಣ್ಯ ಇಲಾಖೆ ಬೆಳೆಸಿದ ಅಕೇಶಿಯಾ ನಮ್ಮ ಪಾಲಿನ ಬಳ್ಳಾರಿ ಜಾಲಿ. ಕಡಿತಲೆಯಾದಾಗ ಸಿಗುವ ತುಂಡು ಚೆನ್ನಾಗಿ ಒಣಗಿದರೆ ಹಿಡಿಗೆ ಸಾಲುತ್ತದೆ.

ಇಷ್ಟು ಕೇಳಿ ಯಾರಾದರೂ ಜಾಲಿ ನೆಟ್ಟರೆ ನಾನು ಬಂದು ಕೀಳಬೇಕಾದೀತು. ಬಳಸುವುದರಿಂದ ಅದು ತೊಲಗುವುದೆಂಬ ವಾದವನ್ನೂ ನಾನು ಒಪ್ಪುವುದಿಲ್ಲ. ರಾಯಚೂರು ಸೀಮೆಯಲ್ಲಿ ಅದನ್ನು ಇದ್ದಿಲಿಗೆಂದು ಎಷ್ಟು ಕಾಲದಿಂದ ಕಡಿಯುತ್ತಿದ್ದಾರೆ! ಬುಡ ಉಳಿದರೆ ಒಂದರ ಬದಲು ಹತ್ತು ಚಿಗುರು. ಸಿಹಿಯಾದ ಕಾಯಿಯನ್ನು ಕುರಿ, ದನಗಳು ತಿಂದು ಬೀಜವನ್ನು ಹಿಕ್ಕೆ, ಸಗಣಿಯಲ್ಲಿ ಊರೂರಿಗೆ ಹಂಚುತ್ತವೆ. ಆದ್ದರಿಂದ ಅಲ್ಲಿಂದ ನಾನು ತರುವುದು ತೊಗಟೆ ಸುಲಿದ ಚೇಗನ್ನು ಮಾತ್ರ, ಕಾಯನ್ನು ಎಂದೂ ಇಲ್ಲ.

ಮೇಜಿನ ಮೇಲೆ ಒಣಗಿದ ಹದಿನಾರು ತುಂಡುಗಳಿವೆ, ತೂಕ ಬರೆದಿದೆ. ಪಕ್ಕದಲ್ಲಿ ಆ ಹಳೆಯ ಮತ್ತಿಯ ಹಿಡಿಯೂ ಇದೆ. ತೂತಿನೊಳಗೆ ಬೆರಳಿಟ್ಟು ನೋಡಬಹುದು. ಮಧ್ಯಾಹ್ನದ ಊಟದ ನಂತರ, ಮನೆಯಿಂದ ಸಡಿಲ ಹಿಡಿಯ ಕತ್ತಿ ತಂದವರು ಮೊದಲು ಬನ್ನಿ.