ಕೆಟ್ಟ ಮದುವೆ, ಎರಡನೇ ಸಲದ ಪ್ರೀತಿ: ಹಿಸ್ಟಾರಿಕಲ್ ರೊಮ್ಯಾನ್ಸ್ ಓದೋದು ಯಾಕೆ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದ್ದೀರಿ ಅಂದ್ಕೊಂಡಿದ್ದೀನಿ. ಇವತ್ತು ಒಂದು ಬೇರೆ ಥರದ ಲವ್ ಸ್ಟೋರಿ ಬಗ್ಗೆ ಮಾತಾಡೋಣ. ಹುಡುಗ ಹುಡುಗಿ ಭೇಟಿಯಾಗಿ, ಕಿತ್ತಾಡಿ, ಕೊನೇ ಪುಟದಲ್ಲಿ ಮದುವೆಯಾಗುವ ಕಥೆ ಅಲ್ಲ ಇದು. ಇಲ್ಲಿ ಮೊದಲ ಪುಟಕ್ಕೇ ಮದುವೆ ಆಗಿಹೋಗಿದೆ. ಆಗಿ, ಕೆಟ್ಟೂ ಹೋಗಿದೆ. ಗಂಡ ಒಂದು ಊರಲ್ಲಿ, ಹೆಂಡತಿ ಇನ್ನೊಂದು ಊರಲ್ಲಿ. ಕೆಲವು ಸಲ ಒಬ್ಬೊಬ್ಬರು ಒಂದೊಂದು ಖಂಡದಲ್ಲಿ. ಕಥೆ ಅಲ್ಲಿಂದ ಶುರು.

ಇಂಗ್ಲಿಷ್ ಹಿಸ್ಟಾರಿಕಲ್ ರೊಮ್ಯಾನ್ಸ್ ಅಂದ್ರೆ ನಮ್ಮಲ್ಲಿ ತುಂಬ ಜನಕ್ಕೆ ನೆನಪಾಗೋದು ನೆಟ್‌ಫ್ಲಿಕ್ಸ್‌ನ ‘ಬ್ರಿಡ್ಜರ್ಟನ್’. 2020ರ ಡಿಸೆಂಬರ್‌ನಲ್ಲಿ ಬಂತು, ಲಾಕ್‌ಡೌನ್ ಕಾಲ, ಎಲ್ಲರೂ ಮನೆಯಲ್ಲೇ. ಡ್ಯೂಕು, ಡಚೆಸ್ಸು, ಬಾಲ್ ಡ್ಯಾನ್ಸು. ಆದರೆ ಆ ಮೊದಲ ಸೀಸನ್ ಸ್ವಲ್ಪ ನೆನಪು ಮಾಡ್ಕೊಳ್ಳಿ. ಡ್ಯಾಫ್ನಿ, ಸೈಮನ್ ಮದುವೆ ಅರ್ಧ ದಾರಿಯಲ್ಲೇ ಮುಗಿದುಹೋಗುತ್ತೆ. ಆಮೇಲಿನದ್ದೆಲ್ಲ ಒಂದೇ ಮನೆಯಲ್ಲಿದ್ದೂ ದೂರವಾದ ಇಬ್ಬರ ಕಥೆ. ಈ ಬಗೆಯ ಕಾದಂಬರಿಗಳದ್ದೇ ಒಂದು ಒಳಗುಂಪು ಇದೆ. ನಾನು ಅದರ ಖಾಯಂ ಗಿರಾಕಿ.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ. ಈ ಕಾದಂಬರಿಗಳಲ್ಲಿ ಉಂಡಿದ್ದಾರೆ, ಮಲಗಿದ್ದಾರೆ, ಬೆಳಗಾಗಿದೆ, ಮೂರು ವರ್ಷವೋ ಹತ್ತು ವರ್ಷವೋ ಕಳೆದಿದೆ. ಜಗಳ ಮಾತ್ರ ಹಾಗೇ ಇದೆ.

ಒಂದು ಉದಾಹರಣೆ ಕೊಡ್ತೀನಿ. ಶೆರ್ರಿ ಥಾಮಸ್ ಅವರ ‘ಪ್ರೈವೇಟ್ ಅರೇಂಜ್‌ಮೆಂಟ್ಸ್’, 2008ರಲ್ಲಿ ಬಂದ ಅವರ ಮೊದಲ ಪುಸ್ತಕ. ಈ ಲೇಖಕಿಯ ಕಥೆಯೇ ಒಂದು ಸಂಚಿಕೆಗೆ ಆಗುವಷ್ಟಿದೆ. ಹುಟ್ಟಿದ್ದು ಚೀನಾದಲ್ಲಿ, ಹದಿಮೂರನೇ ವಯಸ್ಸಿಗೆ ಅಮೆರಿಕಕ್ಕೆ ಬಂದವರು, ಇಂಗ್ಲಿಷ್ ಕಲಿಯೋಕೆ ದಪ್ಪ ದಪ್ಪ ರೊಮ್ಯಾನ್ಸ್ ಪುಸ್ತಕಗಳನ್ನು ಓದಿದವರು. ಇರಲಿ, ಕಥೆಗೆ ಬರ್ತೀನಿ. 1893ನೇ ಇಸವಿ. ಜಿಜಿ ಲಂಡನ್ನಿನಲ್ಲಿ, ಗಂಡ ಕ್ಯಾಮ್ಡೆನ್ ನ್ಯೂಯಾರ್ಕಿನಲ್ಲಿ. ಹತ್ತು ವರ್ಷದಿಂದ ಹೀಗೇ. ಊರವರಿಗೆಲ್ಲ ಇದು ಆದರ್ಶ ದಾಂಪತ್ಯ, ಯಾಕಂದ್ರೆ ಒಬ್ಬರ ತಂಟೆಗೆ ಒಬ್ಬರು ಹೋಗೋದೇ ಇಲ್ಲ! ಈಗ ಜಿಜಿಗೆ ಇನ್ನೊಬ್ಬನನ್ನು ಮದುವೆಯಾಗಬೇಕಿದೆ. ಡಿವೋರ್ಸ್‌ಗೆ ಅರ್ಜಿ ಹಾಕ್ತಾಳೆ. ಗಂಡ ಹಡಗು ಹತ್ತಿ ವಾಪಸ್ ಬಂದು ಒಂದು ಷರತ್ತು ಇಡ್ತಾನೆ: ನನಗೊಂದು ವಾರಸುದಾರ ಮಗು ಕೊಡು, ಆಮೇಲೆ ಬಿಡುಗಡೆ ಕೊಡ್ತೀನಿ.

ಕೇಳೋಕೆ ಅಸಹ್ಯ ಅನ್ಸುತ್ತೆ, ಹೌದು. ನನಗೂ ಅನ್ನಿಸ್ತು. ಆದರೆ ಪುಸ್ತಕ ಅಲ್ಲಿಗೆ ನಿಲ್ಲಲ್ಲ. ಒಂದು ಅಧ್ಯಾಯ ಈಗಿನದ್ದು, ಒಂದು ಹತ್ತು ವರ್ಷ ಹಿಂದಿನದ್ದು. ಹಿಂದಿನ ಕಥೆಯಲ್ಲಿ ಗೊತ್ತಾಗುತ್ತೆ, ಇವರಿಬ್ಬರು ನಿಜಕ್ಕೂ ಪ್ರೀತಿಸಿದ್ದರು ಅಂತ. ಅವನನ್ನು ಪಡೆಯೋಕೆ ಆಕೆ ಒಂದು ಮೋಸ ಮಾಡಿದ್ದಳು, ಸಣ್ಣ ಮೋಸ ಅಲ್ಲ. ಮದುವೆಗೆ ಮುಂಚೆಯೇ ಅದು ಅವನಿಗೆ ಗೊತ್ತಾಗುತ್ತೆ. ಆದ್ರೂ ಗೊತ್ತಿಲ್ಲದವನ ಹಾಗೆ ಮದುವೆಯಾಗಿ, ಮಾರನೇ ದಿನ ಬಿಟ್ಟು ಹೊರಡ್ತಾನೆ. ಅಂದ್ರೆ ಆಕೆಯ ತಪ್ಪಿಗೆ ಅವನು ಕೊಟ್ಟ ಶಿಕ್ಷೆಯೂ ಅಷ್ಟೇ ಕ್ರೂರ. ಲೆಕ್ಕ ಸಮ ಆಯ್ತು ಅನ್ನೋಕೂ ಆಗಲ್ಲ. ಇಬ್ಬರೂ ಕೆಟ್ಟದಾಗಿ ನಡ್ಕೊಂಡಿದ್ದಾರೆ, ಇಬ್ಬರಿಗೂ ನೋವಾಗಿದೆ, ಮೊದಲು ಯಾರು ಬಾಯಿ ಬಿಡಬೇಕು? ನನಗೆ ಈ ಪ್ರಶ್ನೆ, ಇಬ್ಬರು ಅಪರಿಚಿತರು ಮೊದಲ ಸಲ ಕಣ್ಣಲ್ಲಿ ಕಣ್ಣಿಡೋದಕ್ಕಿಂತ ಎಷ್ಟೋ ಪಾಲು ಕುತೂಹಲ ಹುಟ್ಟಿಸುತ್ತೆ.

ಈ ಕಥೆಗಳೆಲ್ಲ ಹತ್ತೊಂಬತ್ತನೇ ಶತಮಾನದಲ್ಲೇ ಯಾಕೆ ನಡೀತವೆ? ಚಂದದ ಗೌನ್‌ಗೆ, ಕುದುರೆ ಗಾಡಿಗೆ ಅಂತ ಅಂದ್ಕೋಬೇಡಿ. ಕಾರಣ ಕಾನೂನು. ಇಂಗ್ಲೆಂಡಿನಲ್ಲಿ 1857ರ ಕಾಯ್ದೆ ಬರುವ ತನಕ, ಪೂರ್ತಿ ಡಿವೋರ್ಸ್ ಪಡೆದು ಇನ್ನೊಂದು ಮದುವೆ ಆಗಬೇಕಂದ್ರೆ ಸಂಸತ್ತೇ ನಿಮ್ಮ ಹೆಸರಲ್ಲಿ ಒಂದು ಪ್ರತ್ಯೇಕ ಕಾಯ್ದೆ ಪಾಸ್ ಮಾಡಬೇಕಿತ್ತು. ಊಹಿಸ್ಕೊಳ್ಳಿ, ನಿಮ್ಮ ಸಂಸಾರದ ರಂಪ ಸಂಸತ್ತಿನ ಕಲಾಪದಲ್ಲಿ! ಸುಮಾರು ಎರಡು ಶತಮಾನದಲ್ಲಿ ಹೀಗೆ ಬಿಡುಗಡೆ ಸಿಕ್ಕಿದ್ದು ಮುನ್ನೂರಕ್ಕೂ ಸ್ವಲ್ಪ ಹೆಚ್ಚು ಮದುವೆಗಳಿಗೆ. ಅದರಲ್ಲಿ ಹೆಂಡತಿ ಕೇಳಿ ಪಡೆದದ್ದು ಬರೀ ನಾಲ್ಕು. ಮೊದಲನೆಯವರು ಜೇನ್ ಆಡಿಸನ್, 1801ರಲ್ಲಿ. 1857ರ ನಂತರ ಕೋರ್ಟ್ ಬಂತು, ಆದರೆ ತಾರತಮ್ಯ ಹೋಗಲಿಲ್ಲ. ಹೆಂಡತಿ ಇನ್ನೊಬ್ಬನ ಜೊತೆ ಹೋದಳು ಅಂತ ಸಾಬೀತಾದ್ರೆ ಗಂಡನಿಗೆ ಸಾಕು. ಹೆಂಡತಿ ಮಾತ್ರ ಅದರ ಜೊತೆಗೆ ಕ್ರೌರ್ಯವನ್ನೋ, ಬಿಟ್ಟುಹೋಗಿದ್ದನ್ನೋ, ಅಂಥದ್ದೇ ಇನ್ನೇನನ್ನೋ ತೋರಿಸಬೇಕು. ಈ ವ್ಯತ್ಯಾಸ ಹೋಗಿದ್ದು 1923ರಲ್ಲಿ. ಆಸ್ತಿಯ ಕಥೆ ಕೇಳಲೇಬೇಡಿ. ಮದುವೆಯಾದ ಹೆಣ್ಣಿಗೆ ತನ್ನ ಆಸ್ತಿ ಪೂರ್ತಿ ತನ್ನದು ಅಂತ ಆಗಿದ್ದು 1882ರ ಕಾಯ್ದೆಯಿಂದ.

ಹಾಗಾಗಿ ಲೇಖಕಿಯರಿಗೆ ಇದು ಹೇಳಿ ಮಾಡಿಸಿದ ಕಾಲ. ಬಿಟ್ಟು ಬಾಳಬಹುದು, ಬಿಡುಗಡೆ ಮಾತ್ರ ಇಲ್ಲ. ಇವತ್ತಿನ ಜೋಡಿ ಆದ್ರೆ ಹತ್ತು ವರ್ಷದಲ್ಲಿ ಪೇಪರ್ಸ್ ಮುಗಿಸಿ, ಇನ್‌ಸ್ಟಾಗ್ರಾಂನಲ್ಲಿ ಬ್ಲಾಕ್ ಮಾಡಿ, ಮುಂದೆ ಹೋಗಿರ್ತಾರೆ.

ಸಾರಾ ಮೆಕ್ಲೀನ್ ಇದನ್ನೇ ಹಿಡಿದು 2017ರಲ್ಲಿ ‘ದ ಡೇ ಆಫ್ ದ ಡಚೆಸ್’ ಬರೆದರು. ಕಥೆ ನಡೆಯೋದು 1836ರಲ್ಲಿ, ಅಂದ್ರೆ ಸಂಸತ್ತೇ ಡಿವೋರ್ಸ್ ಕೊಡ್ತಿದ್ದ ಕಾಲ. ಕಾಣೆಯಾಗಿದ್ದ ಡಚೆಸ್ ಸೆರಫೀನಾ ಸೀದಾ ಹೌಸ್ ಆಫ್ ಲಾರ್ಡ್ಸ್ ಒಳಗೆ ನುಗ್ಗಿ, ಸದಸ್ಯರೆಲ್ಲ ಬಾಯಿ ಬಿಟ್ಕೊಂಡು ನೋಡ್ತಿರುವಾಗ ಡಿವೋರ್ಸ್ ಕೇಳ್ತಾಳೆ. ಗಂಡ ಅಲ್ಲೇ ಕೂತಿದ್ದಾನೆ. ಸಿನಿಮಾ ಥರ ಇದೆ, ನಂಬೋಕೆ ಕಷ್ಟ, ನಾನು ಮಾತ್ರ ಚಪ್ಪಾಳೆ ಹೊಡೆದೆ. ಈ ಅಬ್ಬರದ ಕೆಳಗೆ ಕಳೆದುಕೊಂಡ ಒಂದು ಮಗುವಿನ ದುಃಖ ಇದೆ. ಆ ದುಃಖವನ್ನು ಇಬ್ಬರೂ ಒಂಟಿಯಾಗಿ ಹೊತ್ತಿದ್ದಾರೆ. ಅವನು ಎಷ್ಟೇ ಕ್ಷಮೆ ಕೇಳಿದ್ರೂ ಆಕೆ ತಕ್ಷಣ ಕರಗಲ್ಲ. ನನಗೆ ಆ ಪುಸ್ತಕ ಇಷ್ಟವಾಗಿದ್ದು ಅದಕ್ಕೇ.

ಈಗ ನಿಮ್ಮಲ್ಲಿ ಕೆಲವರು ಕೇಳ್ತಿರಬಹುದು: ಇದೆಲ್ಲ ಕೊನೆಗೆ ‘ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ’ ಅನ್ನೋದರ ಇಂಗ್ಲಿಷ್ ರೂಪ ಅಲ್ವಾ? ಬಿಟ್ಟು ಬಂದ ಹೆಣ್ಣು ಗಂಡನ ಮನೆಗೆ ವಾಪಸ್ ಹೋದ್ರೇನೇ ಸುಖಾಂತ್ಯ ಅಂತ ಹೇಳೋದಲ್ವಾ? ಸರಿಯಾದ ಪ್ರಶ್ನೆ. ನಮ್ಮ ಮನೆಗಳಲ್ಲಿ ಈ ಮಾತು ಕೇಳದ ಹೆಣ್ಣುಮಕ್ಕಳು ಕಮ್ಮಿ. ಹಿರಿಯರೆಲ್ಲ ಕೂತು ರಾಜಿ ಪಂಚಾಯಿತಿ ಮಾಡಿ, ಸೂಟ್‌ಕೇಸ್ ಸಮೇತ ವಾಪಸ್ ಕಳಿಸೋದನ್ನು ನಾವೆಲ್ಲ ನೋಡಿದ್ದೀವಿ. ಇಂಥ ಪುಸ್ತಕಗಳಲ್ಲೂ ಹಾಗಿರೋವು ಇವೆ, ಸುಳ್ಳು ಹೇಳಲ್ಲ. ಗಂಡ ಏನು ಮಾಡಿದ್ರೂ ಕೊನೇ ಅಧ್ಯಾಯದಲ್ಲಿ ಒಂದು ಸಾರಿ, ಒಂದು ನೆಕ್ಲೇಸು, ಮುಗೀತು. ಅಂಥದ್ದನ್ನ ನಾನು ಅರ್ಧಕ್ಕೇ ಡಿಲೀಟ್ ಮಾಡ್ತೀನಿ.

ಇದಕ್ಕೆ ಒಂದು ಕಾದಂಬರಿ ನೇರವಾಗಿ ಉತ್ತರ ಕೊಡುತ್ತೆ. ಕೋರ್ಟ್ನಿ ಮಿಲನ್ ಅವರ ‘ಟ್ರಯಲ್ ಬೈ ಡಿಸೈರ್’, 2010ರದ್ದು. ಮದುವೆಯಾದ ಸ್ವಲ್ಪ ದಿನಕ್ಕೇ ನೆಡ್ ಚೀನಾಕ್ಕೆ ಹೋಗ್ತಾನೆ, ಮೂರು ವರ್ಷ ಬರಲ್ಲ. ಅಷ್ಟರಲ್ಲಿ ಹೆಂಡತಿ ಕೇಟ್ ಗುಟ್ಟಾಗಿ ಒಂದು ಕೆಲಸ ಮಾಡ್ತಿದ್ದಾಳೆ: ಗಂಡಂದಿರ ಹೊಡೆತ ತಿನ್ನುವ ಹೆಂಗಸರು ತಪ್ಪಿಸಿಕೊಂಡು ಹೋಗೋಕೆ ನೆರವಾಗ್ತಾಳೆ. ನೆಡ್ ವಾಪಸ್ ಬರುವ ಹೊತ್ತಿಗೆ ಆಕೆ ಅಡಗಿಸಿಟ್ಟಿರೋದು ಸ್ನೇಹಿತೆ ಲೂಯಿಸಾಳನ್ನು, ಆಕೆಯ ಹಸುಗೂಸಿನ ಜೊತೆ. ಲೂಯಿಸಾಳ ಗಂಡ ದೊಡ್ಡ ಮನುಷ್ಯ, ಊರಲ್ಲಿ ಒಳ್ಳೆ ಹೆಸರು. ಅವಳನ್ನು ಹುಡುಕ್ತಾ ಇವರ ಮನೆಗೇ ಬಂದಿದ್ದಾನೆ.

ಒಂದೇ ಪುಸ್ತಕದಲ್ಲಿ ಎರಡು ಮದುವೆ. ಒಂದರಿಂದ ಓಡಿಹೋಗಲೇಬೇಕು. ಇನ್ನೊಂದಕ್ಕೆ ಮತ್ತೊಂದು ಅವಕಾಶ ಕೊಟ್ಟು ನೋಡಬಹುದು. ಈ ವ್ಯತ್ಯಾಸ ಲೇಖಕಿಗೆ ಚೆನ್ನಾಗಿ ಗೊತ್ತಿದೆ. ನೆಡ್ ಹೊಡೆಯೋನಲ್ಲ, ಅವಮಾನ ಮಾಡೋನೂ ಅಲ್ಲ. ಅವನನ್ನು ಕಾಡ್ತಿರೋದು ನಾವಿವತ್ತು ಡಿಪ್ರೆಶನ್ ಅಂತ ಕರೆಯುವಂಥ ಕತ್ತಲೆ. ಅದನ್ನು ಹೆಂಡತಿಗೆ ಹೇಳ್ಕೊಳ್ಳೋಕೆ ಅವನಿಗೆ ನಾಚಿಕೆ. ಗಂಡಸು ಅಂದ್ಮೇಲೆ ಹೇಳಬಾರದು ಅಂತ ಅವನೇ ತೀರ್ಮಾನಿಸಿಬಿಟ್ಟಿದ್ದಾನೆ. ಕೇಟ್ ಕೂಡ ತನ್ನ ಗುಟ್ಟನ್ನು ಹೇಳಲ್ಲ, ಯಾಕಂದ್ರೆ ಬಿಟ್ಟುಹೋದವನನ್ನು ನಂಬೋದು ಹೇಗೆ? ಇಲ್ಲಿ ಪ್ರೀತಿ ಅಂದ್ರೆ ಮುತ್ತು, ಹೂವು ಅಲ್ಲ. ನಿನ್ನ ಸ್ನೇಹಿತೆಯ ಜೀವದ ವಿಷಯವನ್ನು ನನ್ನ ಹತ್ರ ಹೇಳಬಹುದು ಅನ್ನುವಷ್ಟು ನಂಬಿಕೆ ಸಂಪಾದಿಸೋದು. ಅದಕ್ಕೆ ಅವನಿಗೆ ಇಡೀ ಪುಸ್ತಕವೇ ಬೇಕಾಗುತ್ತೆ.

ನಾನು ಈ ಕಥೆಗಳನ್ನು ಅಳೆಯೋದು ಹೀಗೆ: ಆಕೆ ‘ಇಲ್ಲ’ ಅಂದಿದ್ರೆ ಆಕೆಗೆ ಬದುಕೋಕೆ ದಾರಿ ಇತ್ತಾ? ಜಿಜಿಗೆ ಸ್ವಂತ ದುಡ್ಡಿದೆ, ವ್ಯಾಪಾರ ಗೊತ್ತಿದೆ. ಸೆರಫೀನಾ ಗಂಡನಿಲ್ಲದೆಯೇ ತನ್ನ ಬದುಕು ಕಟ್ಟಿಕೊಂಡಿದ್ದಾಳೆ. ಕೇಟ್‌ಗೆ ತನ್ನದೇ ಕೆಲಸ ಇದೆ. ಬಾಗಿಲು ತೆರೆದಿದ್ದಾಗ ಒಳಗೆ ಬರೋದು ಬೇರೆ, ಹೊರಗಿನಿಂದ ಚಿಲಕ ಹಾಕಿರುವಾಗ ಒಳಗೇ ಇರೋದು ಬೇರೆ.

ಈ ಚಿಲಕದ ವಿಷಯಕ್ಕೆ ನಮ್ಮ ದೇಶದ್ದೇ ಒಂದು ನಿಜ ಕಥೆ ಇದೆ. ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ‘ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ’ ಅಂತ ಒಂದಿತ್ತು. ಬಿಟ್ಟುಹೋದ ಸಂಗಾತಿಯನ್ನು ವಾಪಸ್ ಬಂದು ಸಂಸಾರ ಮಾಡು ಅಂತ ಕೋರ್ಟೇ ಆದೇಶಿಸೋದು. ಬ್ರಿಟಿಷರ ಜೊತೆ ಅದು ಇಲ್ಲಿಗೂ ಬಂತು. 1884ರಲ್ಲಿ ಬಾಂಬೆಯಲ್ಲಿ ದಾದಾಜಿ ಭಿಕಾಜಿ ಅನ್ನುವವರು ಹೆಂಡತಿ ರಖ್ಮಾಬಾಯಿ ತನ್ನ ಮನೆಗೆ ಬರಬೇಕು ಅಂತ ಕೇಸ್ ಹಾಕಿದರು. ಮದುವೆಯಾದಾಗ ಆಕೆಗೆ ಹನ್ನೊಂದು ವರ್ಷ. ಸಂಸಾರ ಮಾಡಿಯೇ ಇರಲಿಲ್ಲ. 1885ರಲ್ಲಿ ಒಬ್ಬ ನ್ಯಾಯಾಧೀಶರು ಆಕೆಯ ಪರ ತೀರ್ಪು ಕೊಟ್ಟರು. ಮೇಲ್ಮನವಿ ಆಯ್ತು, 1887ರಲ್ಲಿ ಇನ್ನೊಬ್ಬರು, ಹೋಗು, ಇಲ್ಲಾಂದ್ರೆ ಆರು ತಿಂಗಳವರೆಗೆ ಜೈಲು ಅಂದರು. ಆಕೆ ಜೈಲಿಗಾದ್ರೂ ಹೋಗ್ತೀನಿ ಅಂತ ಹಟ ಹಿಡಿದರು. ಕೊನೆಗೆ 1888ರಲ್ಲಿ ಎರಡು ಸಾವಿರ ರೂಪಾಯಿಗೆ ರಾಜಿ ಆಯ್ತು. ರಖ್ಮಾಬಾಯಿ ಲಂಡನ್ನಿಗೆ ಹೋಗಿ ಡಾಕ್ಟರ್ ಆಗಿ ಬಂದರು. ಇದು ಮತ್ತೆ ಒಂದಾಗುವ ಕಥೆ ಅಲ್ಲ, ಆಗಲೂ ಬೇಕಿರಲಿಲ್ಲ.

ಇಂಗ್ಲೆಂಡ್ 1970ರ ಕಾಯ್ದೆಯಲ್ಲಿ ಈ ವ್ಯವಸ್ಥೆಯನ್ನು ಕಿತ್ತುಹಾಕಿತು. ನಾವು ಹಿಂದೂ ವಿವಾಹ ಕಾಯ್ದೆ, 1955ರ ಸೆಕ್ಷನ್ 9ರಲ್ಲಿ ಉಳಿಸ್ಕೊಂಡ್ವಿ. 1983ರಲ್ಲಿ ಆಂಧ್ರ ಹೈಕೋರ್ಟ್ ಇದು ಸಂವಿಧಾನಕ್ಕೆ ವಿರುದ್ಧ ಅಂದಿತ್ತು, ಮರುವರ್ಷ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೋರ್ಟ್ ಆರ್ಡರ್ ತಗೊಂಡು ಪ್ರೀತಿ ಮತ್ತೆ ಶುರುವಾದ ಒಂದೇ ಒಂದು ಕಾದಂಬರಿ ನಾನು ಓದಿಲ್ಲ.

ರಖ್ಮಾಬಾಯಿ ಹೆಸರು ಹೇಳುವಾಗ ಇನ್ನೊಂದು ಪುಸ್ತಕ ನೆನಪಾಗುತ್ತೆ. ಮತ್ತೆ ಶೆರ್ರಿ ಥಾಮಸ್ ಅವರದ್ದೇ, ‘ನಾಟ್ ಕ್ವೈಟ್ ಎ ಹಸ್ಬೆಂಡ್’, 2009. ರೊಮ್ಯಾನ್ಸ್ ಬರಹಗಾರರ ರೀಟಾ ಪ್ರಶಸ್ತಿ ಕೂಡ ಬಂದಿದೆ. ನಾಯಕಿ ಬ್ರಯೊನಿ ಡಾಕ್ಟರ್, ನಾಯಕ ಲಿಯೋ ಗಣಿತಜ್ಞ. ಇವರ ಮದುವೆ ಬೇಗನೇ ರದ್ದಾಗಿದೆ. 1897ರಲ್ಲಿ ಆಕೆ ಬ್ರಿಟಿಷ್ ಇಂಡಿಯಾದ ವಾಯವ್ಯ ತುದಿಯಲ್ಲಿ, ಚಿತ್ರಾಲ್ ಕಡೆಯ ಕಣಿವೆಯಲ್ಲಿದ್ದಾಳೆ. ತಂದೆಗೆ ಹುಷಾರಿಲ್ಲ ಅಂತ ಅವನು ಕರೆದೊಯ್ಯೋಕೆ ಬರ್ತಾನೆ. ವಾಪಸ್ ಹೋಗುವ ದಾರಿಯಲ್ಲಿ ಸ್ವಾತ್ ಕಣಿವೆಯ ದಂಗೆ. ಅದು ನಿಜವಾಗಿ ನಡೆದದ್ದು, ಮಲಾಕಂಡ್ ಮುತ್ತಿಗೆ ಅಂತ ಇತಿಹಾಸದಲ್ಲಿದೆ. ಮದುವೆ ಮುರಿದದ್ದು ಯಾಕೆ? ಮದುವೆಗೆ ಮುಂಚೆ ಅವನ ಬಗ್ಗೆ ಒಂದು ವಿಷಯ ಆಕೆಗೆ ಗೊತ್ತಾಗಿತ್ತು. ಆಕೆ ಕೇಳಲೇ ಇಲ್ಲ. ಬಾಯಿ ಮುಚ್ಕೊಂಡು ಮದುವೆಯಾಗಿ ಒಳಗೊಳಗೇ ಹೆಪ್ಪುಗಟ್ಟಿಹೋದಳು. ಅವನಿಗೆ ಕಾರಣವೇ ಗೊತ್ತಿಲ್ಲ. ಮೌನ ಮದುವೆಯನ್ನು ಹೇಗೆ ತಿಂದುಹಾಕುತ್ತೆ ಅನ್ನೋದನ್ನು ಇಷ್ಟು ಚೆನ್ನಾಗಿ ಬರೆದದ್ದು ಈ ಗುಂಪಿನಲ್ಲಿ ಕಮ್ಮಿ. ಒಂದು ತಕರಾರು ಮಾತ್ರ ಇದೆ. ಅಲ್ಲಿನ ಜನ ಯಾಕೆ ದಂಗೆ ಎದ್ದರು ಅನ್ನೋದು ಪುಸ್ತಕಕ್ಕೆ ಅಷ್ಟಾಗಿ ಬೇಕಿಲ್ಲ. ಇಬ್ಬರು ಇಂಗ್ಲಿಷರು ಮತ್ತೆ ಒಂದಾಗೋಕೆ ಒಂದು ಕಣಿವೆಯೇ ಹೊತ್ತಿ ಉರೀಬೇಕಾ ಅಂತ ಇಲ್ಲಿ ಕೂತು ಓದುವ ನಮಗೆ ಚುಚ್ಚುತ್ತೆ.

ಬ್ರಿಡ್ಜರ್ಟನ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಜೂಲಿಯಾ ಕ್ವಿನ್ 2000ದಲ್ಲಿ ಬರೆದ ಮೂಲ ಕಾದಂಬರಿಯಲ್ಲಿ ಸೈಮನ್ ಕುಡಿದಿರುವಾಗ, ಅವನಿಗೆ ಮಗು ಬೇಡ ಅಂತ ಗೊತ್ತಿದ್ದೂ ಡ್ಯಾಫ್ನಿ ಮುಂದುವರೀತಾಳೆ. ಸೀರೀಸ್‌ನಲ್ಲಿ ಅದನ್ನು ಸ್ವಲ್ಪ ಬದಲಿಸಿದ್ರು, ಆದ್ರೂ ಜನ ಸುಮ್ಮನಿರಲಿಲ್ಲ. ಒಪ್ಪಿಗೆ ಅನ್ನೋದು ಗಂಡಸಿಗೂ ಇದೆ, ಗಂಡನಿಗೂ ಇದೆ. ಅದೇ ಪಾತ್ರ ಅದಲುಬದಲಾಗಿದ್ರೆ ನಾವು ಏನಂತಿದ್ವಿ? ಅಷ್ಟು ದೊಡ್ಡ ವಿಷಯ ಕಥೆಯಲ್ಲಿ ಬೇಗ ತಣ್ಣಗಾಗುತ್ತೆ. ಆ ಸಂಸಾರ ಸರಿಹೋಯ್ತು ಅಂತ ನನಗಿನ್ನೂ ನಂಬಿಕೆ ಬಂದಿಲ್ಲ.

ಹಾಗೆ ನೋಡಿದ್ರೆ ಈ ಕಥೆ ನಮಗೆ ಹೊಸದಲ್ಲ. ನಳ ದಮಯಂತಿ ನೆನಪು ಮಾಡ್ಕೊಳ್ಳಿ, ನಮ್ಮ ಕನಕದಾಸರು ‘ನಳಚರಿತ್ರೆ’ ಬರೆದಿದ್ದಾರಲ್ಲ. ಜೂಜಲ್ಲಿ ಎಲ್ಲ ಸೋತು, ಕಾಡಲ್ಲಿ ಮಲಗಿದ್ದ ಹೆಂಡತಿಯನ್ನು ಬಿಟ್ಟು ಹೋದ ಗಂಡ. ಅವನನ್ನು ಹೊರಗೆ ತರೋಕೆ ಆಕೆ ಎರಡನೇ ಸ್ವಯಂವರ ಅಂತ ಸುದ್ದಿ ಹಬ್ಬಿಸ್ತಾಳೆ. ಜಿಜಿಯ ಡಿವೋರ್ಸ್ ಅರ್ಜಿಗೂ ಇದಕ್ಕೂ ಎಷ್ಟು ದೂರ?

ಎಲ್ಲಿಂದ ಶುರು ಮಾಡೋದು ಅಂತ ಕೇಳೋರಿಗೆ: ಬೆಡ್‌ರೂಮ್ ಸೀನ್ ಬೇಡ ಅನ್ನೋರು ಜಾರ್ಜೆಟ್ ಹೇಯರ್ ಅವರ ‘ಏಪ್ರಿಲ್ ಲೇಡಿ’ ಹಿಡೀರಿ, 1957ರದ್ದು. ಗಂಡನಿಗೆ ಇದು ಬರೀ ಅನುಕೂಲದ ಮದುವೆ, ಪ್ರೀತಿ ತೋರಿಸಿ ನಗೆಪಾಟಲಾಗಬೇಡ ಅಂತ ಅಮ್ಮ ಹೇಳಿಕೊಟ್ಟ ಬುದ್ಧಿಯನ್ನು ನಂಬಿ, ಹುಡುಗಿ ಒಂದು ಬಟ್ಟೆ ಅಂಗಡಿಯ ಬಿಲ್ಲನ್ನು ಗಂಡನಿಂದ ಮುಚ್ಚಿಡೋಕೆ ಪಡುವ ಪಾಡು. ನಕ್ಕು ನಕ್ಕು ಸಾಕಾಗುತ್ತೆ. ಗಟ್ಟಿ ಊಟ ಬೇಕು ಅನ್ನೋರಿಗೆ ಕೋರ್ಟ್ನಿ ಮಿಲನ್. ರಾತ್ರಿ ಹತ್ತರ ನಂತರ ‘ಪ್ರೈವೇಟ್ ಅರೇಂಜ್‌ಮೆಂಟ್ಸ್’ ಮಾತ್ರ ತೆರೀಬೇಡಿ, ಬೆಳಗ್ಗೆ ಆಫೀಸಿಗೆ ಕಣ್ಣು ಕೆಂಪಗೆ ಮಾಡ್ಕೊಂಡು ಹೋಗ್ತೀರಿ. ಓದಿದ ಮೇಲೆ ಜಿಜಿದು ತಪ್ಪಾ, ಕ್ಯಾಮ್ಡೆನ್‌ದು ತಪ್ಪಾ ಅಂತ ನನಗೆ ಹೇಳಿ. ಮುಂದಿನ ಸಂಚಿಕೆಯಲ್ಲಿ ಸಿಗ್ತೀನಿ.