ಗಡು ಅಂದರೆ ಕಂತು, ಗಡುವು ಅಂದರೆ ಕೊನೆಯ ದಿನ

(ಮಂಜೇಶ್ವರ ತಾಲೂಕಿನಲ್ಲಿ, ಮನೆ ಮಂಜೂರಾದ ಕುಟುಂಬಗಳ ಕೂಟದಲ್ಲಿ ನಾವು ಆಡಿದ ಮಾತುಗಳ ಬರಹ ರೂಪ. ಅಂದು ಬರಲಾಗದವರಿಗಾಗಿ ಇಲ್ಲಿ ಹಾಕುತ್ತಿದ್ದೇವೆ.)

ರಜೆಯ ದಿನ ಮನೆಗೆಲಸ ಬಿಟ್ಟು, ಮಕ್ಕಳನ್ನು ಕರೆದುಕೊಂಡು ಬಂದಿದ್ದೀರಿ. ಇವತ್ತು ಗಡಿಯ ಬಗ್ಗೆ ದೊಡ್ಡ ಭಾಷಣ ಇಲ್ಲ. 1956ರಿಂದ ಶುರು ಮಾಡಿದರೆ ಮಧ್ಯಾಹ್ನದ ಊಟಕ್ಕೂ ಮುಗಿಯಲಿಕ್ಕಿಲ್ಲ. ಇವತ್ತು ಮಾತಾಡಬೇಕಾದದ್ದು ನಿಮ್ಮ ಮನೆಯ ಬಗ್ಗೆ. ಇಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ಇದು ಸ್ವಂತ ಹೆಸರಿನ ಮೊದಲ ಮನೆ. ಕೆಲವರು ಇನ್ನೂ ಟಾರ್ಪಾಲಿನ ಅಡಿಯಲ್ಲಿದ್ದೀರಿ, ಕೆಲವರು ಅಣ್ಣತಮ್ಮಂದಿರ ಮನೆಯ ಚಾವಡಿಯಲ್ಲಿ, ಕೆಲವರು ಬಾಡಿಗೆ ಕೋಣೆಯಲ್ಲಿ.

ಲೈಫ್ ಯೋಜನೆಗೆ 2020ರಲ್ಲಿ ಅರ್ಜಿ ಹಾಕಿದವರಿಗೆ ಅಂತಿಮ ಪಟ್ಟಿ ಬಂದದ್ದು 2022ರ ಆಗಸ್ಟಿನಲ್ಲಿ. ಅದಾದ ಮೇಲೂ ಸರದಿ ಬರಲು ಎಷ್ಟೋ ಜನ ಕಾದಿದ್ದೀರಿ. ಪಟ್ಟಿಗೆ ಹೆಸರು ಬರುವವರೆಗೆ ಕಾಯುವ ಕೆಲಸ ನಮ್ಮದು. ಆದರೆ ಕರಾರಿಗೆ ಸಹಿ ಬಿದ್ದ ಮೇಲೆ ತಾರೀಕು ನಮಗಾಗಿ ಕಾಯುವುದಿಲ್ಲ. ಸಹಾಯ ಸಿಕ್ಕಿಯೂ ಮನೆ ಅರ್ಧಕ್ಕೆ ನಿಂತವರನ್ನು ನಾವು ನೋಡಿದ್ದೇವೆ. ಪಂಚಾಂಗದ ಮೇಲೆ ಹುಲ್ಲು ಬೆಳೆದಿರುತ್ತದೆ. ಅವರು ಸೋಮಾರಿಗಳಲ್ಲ. ಹೆಚ್ಚಿನ ಕಡೆ ಕಾರಣ ಎರಡೇ: ಕಾಗದದಲ್ಲಿ ಏನಿದೆ ಅಂತ ಸರಿಯಾಗಿ ಗೊತ್ತಾಗಲಿಲ್ಲ, ಗೊತ್ತಾಗುವ ಹೊತ್ತಿಗೆ ಮಳೆ ಹಿಡಿಯಿತು.

ಮೊದಲು ಕಾಗದದ ಮಾತು. ನಮಗೆ ಪೇಟೆಯಲ್ಲಿ, ಬಸ್ಸಿನಲ್ಲಿ ಮಲಯಾಳ ಮಾತಾಡಲು ಬರುತ್ತದೆ. ಭಾಷೆಯ ಮೇಲೆ ನಮಗೆ ಹಗೆಯೂ ಇಲ್ಲ. ಆದರೆ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಮಲಯಾಳದ ಅಕ್ಷರ ಓದಲು ಕಷ್ಟ, ಸರ್ಕಾರಿ ಮಲಯಾಳ ಇನ್ನೂ ಕಷ್ಟ. ಹಾಗಾಗಿ ಯಾರೋ ಫೋನಿನಲ್ಲಿ ಓದಿ ಹೇಳುತ್ತಾರೆ, ನಾವು ಕಿವಿಗೆ ಬಿದ್ದ ಶಬ್ದಕ್ಕೆ ಕನ್ನಡದ ಅರ್ಥ ಹಚ್ಚಿಕೊಳ್ಳುತ್ತೇವೆ. ಎಡವುವುದು ಅಲ್ಲೇ.

ಒಂದು ವಾಕ್ಯ ನೋಡಿ: 'ತರ ಪೂರ್ತಿಯಾಕ್ಕಿಯ ಶೇಷಂ ರಂಡಾಂ ಗಡು.' ಇದರಲ್ಲಿ 'ಗಡು' ಅಂದರೆ ನಮ್ಮ ಗಡುವು ಅಲ್ಲ, ಕಂತು. 'ಶೇಷಂ' ಅಂದರೆ ಬಾಕಿ ಉಳಿದದ್ದು ಅಲ್ಲ, ಆದ ಮೇಲೆ ಅಂತ. 'ತರ' ಅಂದರೆ ಪಂಚಾಂಗ. ಒಟ್ಟು ಅರ್ಥ ಇಷ್ಟೇ: ಪಂಚಾಂಗ ಮುಗಿದ ಮೇಲೆ ಎರಡನೇ ಕಂತು. ಇದನ್ನು ಕೇಳಿ, ಬಾಕಿ ಕೆಲಸಕ್ಕೆ ಎರಡನೇ ಗಡುವು ಕೊಟ್ಟಿದ್ದಾರೆ, ಇನ್ನೂ ಸಮಯ ಇದೆ ಅಂತ ಸುಮ್ಮನೆ ಕೂತವರಿದ್ದಾರೆ. ಅತ್ತ ಅವರ ಪಂಚಾಂಗದ ಫೋಟೋ ಹೋಗಿಲ್ಲ ಅಂತ ಕಂತು ನಿಂತಿತ್ತು. ನಿಜವಾದ ಗಡುವಿಗೆ ಅಲ್ಲಿ ಬರೆಯುವುದು 'ಅವಸಾನ ತೀಯತಿ' ಅಂತ. ಕನ್ನಡದಲ್ಲಿ ಅವಸಾನ ಅಂದರೆ ಬೇರೆಯೇ ನೆನಪಾಗುತ್ತದೆ, ಅಲ್ಲವೇ? ಇಲ್ಲಿ ಅದು ಕೊನೆಯ ತಾರೀಕು. 'ಅಪೇಕ್ಷ' ಅಂದರೆ ಅರ್ಜಿ. 'ಆಧಾರಂ' ತನ್ನಿ ಅಂದರೆ ಜಾಗದ ದಸ್ತಾವೇಜು ತನ್ನಿ ಅಂತ; ಆಧಾರ್ ಕಾರ್ಡ್ ಮಾತ್ರ ಹಿಡಿದುಕೊಂಡು ಹೋದರೆ ಒಂದು ದಿನದ ಸಂಬಳ ಹೋಯಿತು.

ಅಕ್ಕಂದಿರೇ, ಈ ಐದಾರು ಶಬ್ದಗಳನ್ನು ಮಕ್ಕಳ ನೋಟ್ ಪುಸ್ತಕದ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ತಮಾಷೆಗೆ ಹೇಳುತ್ತಿಲ್ಲ.

ಎರಡನೆಯದು, ದಿನ ಎಲ್ಲಿಂದ ಲೆಕ್ಕ? ನಮಗೆ ವಿಷಯ ಗೊತ್ತಾದ ದಿನದಿಂದ ಅಲ್ಲ. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಪಟ್ಟಿಯಲ್ಲಿದ್ದರೆ ಮಂಜೂರಾದ ದಿನದಿಂದ 12 ತಿಂಗಳೊಳಗೆ ಮನೆ ಮುಗಿಯಬೇಕು ಎಂಬುದು ನಿಯಮ. ಲೈಫ್‌ನಲ್ಲಿ ಪಂಚಾಯತಿನ ಜೊತೆ ಮಾಡುವ ಕರಾರಿನಲ್ಲಿ ಬರೆದದ್ದೇ ಲೆಕ್ಕ. ಆದ್ದರಿಂದ ಸಹಿ ಹಾಕುವ ದಿನವೇ ಗ್ರಾಮ ವಿಸ್ತರಣಾಧಿಕಾರಿಯವರ ಹತ್ತಿರ, ನಾವು ವಿ.ಇ.ಓ. ಅನ್ನುತ್ತೇವಲ್ಲ, ಅವರ ಹತ್ತಿರ ಮೂರು ಪ್ರಶ್ನೆ ಕೇಳಿ. ನಾನು ಯಾವ ಪಟ್ಟಿಯಲ್ಲಿದ್ದೇನೆ? ಪೂರ್ತಿ ಮುಗಿಸುವ ತಾರೀಕು ಯಾವುದು? ಪ್ರತಿ ಕಂತಿಗೆ ಕೆಲಸ ಎಲ್ಲಿವರೆಗೆ ಆಗಿರಬೇಕು? ಉತ್ತರವನ್ನು ಅಲ್ಲೇ ಬರೆದುಕೊಳ್ಳಿ. ಕರಾರಿನ ಒಂದು ಪ್ರತಿ ಕೇಳಿ ತನ್ನಿ. ಪ್ರತಿ ಇಲ್ಲದೆ ಮನೆಗೆ ಬರಬೇಡಿ.

ಮೂರನೆಯದು ಹಣ. ಲೈಫ್‌ನಲ್ಲಿ ಸಾಮಾನ್ಯ ಕುಟುಂಬಕ್ಕೆ 4 ಲಕ್ಷ ರೂಪಾಯಿ. ಮೊದಲ ಕಂತು ಅದರ ಹತ್ತರಲ್ಲಿ ಒಂದು ಭಾಗ, 40,000. ಇಷ್ಟರಲ್ಲಿ ಪಂಚಾಂಗ ಮುಗಿಯುವುದಿಲ್ಲ ಅಂತ ಇಲ್ಲಿ ಕೂತ ಮೇಸ್ತ್ರಿಗಳಿಗೆ ಗೊತ್ತು. ಆದರೆ ಪಂಚಾಂಗ ಮುಗಿಯದೆ ದೊಡ್ಡ ಕಂತು ಬರುವುದಿಲ್ಲ. ಅಂದರೆ ಕೆಲಸ ಮೊದಲು, ಹಣ ಆಮೇಲೆ. ಈ ನಡುವಿನ ಹಳ್ಳವನ್ನು ದಾಟುವುದು ಹೇಗೆ ಅಂತ ಕಲ್ಲು ಇಳಿಸುವ ಮೊದಲೇ ಮನೆಯಲ್ಲಿ ಕೂತು ಲೆಕ್ಕ ಹಾಕಬೇಕು. ಕುಟುಂಬಶ್ರೀ ಘಟಕದ ಸಾಲ, ಸಹಕಾರಿ ಬ್ಯಾಂಕು, ಕಲ್ಲಿನವರ ಹತ್ತಿರ ಒಂದು ತಿಂಗಳ ಕಡ, ಸಂಬಂಧಿಕರ ಕೈಕೆಲಸ, ಯಾವುದು ಆಗುತ್ತದೋ ಅದು. ಬಡ್ಡಿಯವನ ಹತ್ತಿರ ಮಾತ್ರ ಹೋಗಬೇಡಿ. ಕಂತು ಬಂದ ದಿನ ಅವನೇ ಬಾಗಿಲಲ್ಲಿರುತ್ತಾನೆ.

ಇನ್ನೊಂದು ಮಾತು. ದೊಡ್ಡ ಮನೆಯ ಆಸೆ ಎಲ್ಲರಿಗೂ ಇದೆ. ಇನ್ನೊಂದು ಕೋಣೆ ಇರಲಿ, ಮುಂದೆ ಸಿಟೌಟ್ ಇರಲಿ ಅಂತ ಪಂಚಾಂಗವನ್ನೇ ದೊಡ್ಡದು ಹಾಕುತ್ತೇವೆ. ಹಣ ಅಲ್ಲೇ ಮುಗಿಯುತ್ತದೆ, ಗೋಡೆ ಏಳುವುದಿಲ್ಲ. ಯೋಜನೆಯ ಅಳತೆಯ ಮನೆಯನ್ನು ಮೊದಲು ಮುಗಿಸಿ, ಮನೆ ನಂಬ್ರ ಪಡೆಯಿರಿ. ಒಕ್ಕಲಾದ ಮೇಲೆ ಕೈಯಲ್ಲಿ ದುಡ್ಡು ಬಂದಾಗ ಬದಿಗೆ ಒಂದು ಕೋಣೆ ಎಳೆಯಬಹುದು.

ನಾಲ್ಕನೆಯದು ಮಳೆ. ಕಚೇರಿಯ ಕ್ಯಾಲೆಂಡರಿನಲ್ಲಿ 12 ತಿಂಗಳು ಇರಬಹುದು. ನಮ್ಮ ಊರಿನಲ್ಲಿ ಮನೆ ಕಟ್ಟುವ ವರ್ಷಕ್ಕೆ ಅಷ್ಟು ತಿಂಗಳಿಲ್ಲ. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಜಾಗ ಇದು. ಕೆಂಪು ಕಲ್ಲಿನ ಕೋರೆಯಲ್ಲಿ ನೀರು ನಿಲ್ಲುತ್ತದೆ, ಗುಡ್ಡದ ದಾರಿಯಲ್ಲಿ ಲಾರಿ ಹತ್ತುವುದಿಲ್ಲ. ಬೇಸಿಗೆಗೆ ತಳ್ಳೋಣ ಅಂದರೆ ಏಪ್ರಿಲಿನಲ್ಲಿ ಇನ್ನೊಂದು ಕಷ್ಟ, ಕಾಂಕ್ರೀಟಿಗೆ ನೀರು ಹೊಯ್ಯಬೇಕು. ಬಾಯಾರು ಕಡೆಯ ಸುರಂಗಗಳಲ್ಲೂ ಆಗ ನೀರು ಸಪೂರವಾಗಿರುತ್ತದೆ. ಅದಕ್ಕೆ ನಮ್ಮ ಸಲಹೆ: ಕಾಗದಪತ್ರದ ಓಡಾಟವೆಲ್ಲ ಮಳೆಗಾಲದಲ್ಲಿ ಮುಗಿಯಲಿ. ಅಕ್ಟೋಬರ್, ನವೆಂಬರಿನಲ್ಲಿ ಪಂಚಾಂಗ. ಕ್ರಿಸ್‌ಮಸ್ ಕಳೆಯುವುದರೊಳಗೆ ಗೋಡೆ ಏಳಲಿ. ಬಾವಿಯಲ್ಲಿ ನೀರಿರುವಾಗಲೇ, ಅಂದರೆ ಫೆಬ್ರವರಿಯಲ್ಲಿ, ಸ್ಲಾಬ್ ಬೀಳಲಿ. ಮಾರ್ಚ್ ಕೊನೆಯನ್ನು ನಂಬಬೇಡಿ, ಆಗ ಖಜಾನೆಯಲ್ಲಿ ಎಲ್ಲಾ ಪಂಚಾಯತುಗಳ ಬಿಲ್ಲುಗಳೂ ಸಾಲಾಗಿ ನಿಂತಿರುತ್ತವೆ.

ಮಳೆಗಾಲದಲ್ಲಿ ಮುಗಿಸಬೇಕಾದ ಓಡಾಟ ಯಾವುದು? ವಿಲೇಜ್ ಆಫೀಸಿನಲ್ಲಿ ಈ ವರ್ಷದ ಭೂ ತೆರಿಗೆ ಕಟ್ಟಿ ರಶೀದಿ, ಆಮೇಲೆ ಕೈವಶ ಸರ್ಟಿಫಿಕೇಟ್. ಜಾಗ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಇವತ್ತೇ ಶುರು ಮಾಡಿ, ಪಾಲುಪಟ್ಟಿ ಒಂದು ವಾರದ ಕೆಲಸ ಅಲ್ಲ. ಇನ್ನು ಗದ್ದೆ ಅಂತ ದಾಖಲೆಯಲ್ಲಿರುವ ಜಾಗ. ಅಲ್ಲಿ ಈಗ ಅಡಿಕೆ ಮರ ಇರಬಹುದು, ಮೂವತ್ತು ವರ್ಷದಿಂದ ಉಳದೆ ಇರಬಹುದು. ಆದರೂ ಡೇಟಾ ಬ್ಯಾಂಕಿನಲ್ಲಿ ಗದ್ದೆ ಅಂತ ಇದ್ದರೆ 2008ರ ಭತ್ತದ ಗದ್ದೆ ಸಂರಕ್ಷಣಾ ಕಾನೂನು ಅಡ್ಡ ಬರುತ್ತದೆ. ಬೇರೆ ಜಾಗ ಇಲ್ಲದವರು ಸ್ವಂತ ವಾಸದ ಮನೆಗೆ ಪಂಚಾಯತಿನಲ್ಲಿ 10 ಸೆಂಟ್ಸ್ ವರೆಗೆ, ನಗರಸಭೆಯಲ್ಲಿ 5 ಸೆಂಟ್ಸ್ ವರೆಗೆ ಅನುಮತಿ ಕೇಳಲು ಅದೇ ಕಾನೂನಿನಲ್ಲಿ ದಾರಿ ಇದೆ. ಆದರೆ ಆ ದಾರಿ ಉದ್ದ. ಕರಾರಿಗೆ ಸಹಿ ಹಾಕಿದ ಮೇಲೆ ಆ ದಾರಿ ಹಿಡಿದರೆ ನಡೆಯುವಷ್ಟರಲ್ಲಿ ತಿಂಗಳುಗಳು ಹೋಗುತ್ತವೆ. ಮೊದಲೇ ಕೃಷಿ ಭವನದಲ್ಲಿ ವಿಚಾರಿಸಿ.

ಐದನೆಯದು ಫೋಟೋ. ಪ್ರತಿ ಹಂತದಲ್ಲಿ ಅಧಿಕಾರಿ ಬಂದು ನೋಡಬೇಕು, ಫೋಟೋ ತೆಗೆಯಬೇಕು, ಅದು ಕಂಪ್ಯೂಟರಿಗೆ ಹೋಗಬೇಕು. ಆಮೇಲೆಯೇ ಕಂತು. ಪಂಚಾಂಗ ಮುಗಿದ ಸಂಜೆಯೇ ಪಂಚಾಯತಿಗೆ ತಿಳಿಸಿ. ಅವರು ತಾವಾಗಿ ಬರಲಿ ಅಂತ ಕಾಯಬೇಡಿ, ಅವರಿಗೆ ನಿಮ್ಮ ಒಂದೇ ಮನೆ ಅಲ್ಲ. ನೀವೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಉದ್ಯೋಗ ಖಾತರಿಯಲ್ಲಿ, ನಮ್ಮ ತೊಳಿಲುರಪ್ಪಿನಲ್ಲಿ, ಸ್ವಂತ ಮನೆಯ ಕೆಲಸಕ್ಕೆ 90 ದಿನದ ಕೂಲಿ ಸೇರಿಸುತ್ತಾ ಬಂದಿದ್ದಾರೆ. ಅದು ಬೇಕಾದರೆ ಕೆಲಸ ಶುರುವಾಗುವ ಮೊದಲೇ ಹೇಳಿ ಹಾಜರಿ ಪಟ್ಟಿ ತೆರೆಸಬೇಕು. ಮುಗಿದ ಕೆಲಸಕ್ಕೆ ಹಿಂದಿನ ಹಾಜರಿ ಹಾಕಲಾಗುವುದಿಲ್ಲ.

ಇಷ್ಟೆಲ್ಲಾ ಮಾಡಿಯೂ ತಡ ಆದರೆ? ಆಗುತ್ತದೆ. ಮನೆಯಲ್ಲಿ ಕಾಯಿಲೆ ಬರುತ್ತದೆ, ಮೇಸ್ತ್ರಿ ಬೇರೆ ಕಡೆ ಹೋಗುತ್ತಾನೆ, ಕಲ್ಲಿನ ಬೆಲೆ ಏರುತ್ತದೆ. ಆಗ ನಾಚಿಕೆಯಿಂದ ಪಂಚಾಯತಿನ ಕಡೆ ಹೋಗುವುದನ್ನೇ ಬಿಡಬೇಡಿ. ನಾವು ಕಂಡಂತೆ ಜನ ಕಂತು ಕಳೆದುಕೊಳ್ಳುವುದು ತಡವಾದದ್ದಕ್ಕಿಂತ ಹೆಚ್ಚಾಗಿ, ತಡವಾಗುತ್ತದೆ ಅಂತ ಹೇಳದೆ ಉಳಿದದ್ದಕ್ಕೆ. ಕೊನೆಯ ತಾರೀಕಿನ ಮೊದಲು ಒಂದು ಪುಟದ ಅರ್ಜಿ ಬರೆಯಿರಿ. ಎಷ್ಟು ಕೆಲಸ ಆಗಿದೆ, ಯಾಕೆ ನಿಂತಿದೆ, ಇನ್ನೆಷ್ಟು ದಿನ ಬೇಕು, ಈ ಮೂರೇ ವಿಷಯ ಸಾಕು. ಫೋಟೋ ಲಗತ್ತಿಸಿ. ಸ್ವೀಕರಿಸಿದ್ದಕ್ಕೆ ತಾರೀಕು, ಮೊಹರು ಇರುವ ರಶೀದಿ ಪಡೆಯಿರಿ. ಬಾಯಿಮಾತಿನಲ್ಲಿ 'ಆಯ್ತು, ನೋಡುವಾ' ಅಂದದ್ದು ಮುಂದಿನ ಅಧಿಕಾರಿ ಬಂದಾಗ ಸಾಕ್ಷಿಯಾಗುವುದಿಲ್ಲ.

ಆ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಇದು ಹಟಕ್ಕೆ ಹೇಳುವ ಮಾತಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟ್, ಇಲಾಖಾ ಮುಖ್ಯಸ್ಥರು ಮತ್ತು ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಭಾಷೆಯ ಹಕ್ಕು ಅಂದರೆ ಬೋರ್ಡು, ಶಾಲೆ, ಅಧ್ಯಾಪಕರು ಅಂತ ಮಾತ್ರ ತಿಳಿಯುತ್ತೇವೆ. ಮನೆಯ ಕರಾರಿನ ತಾರೀಕು ನಮಗೆ ಓದಲು ಬರುವ ಅಕ್ಷರದಲ್ಲಿ ಇರಬೇಕು ಅನ್ನುವುದೂ ಅದೇ ಹಕ್ಕು. ಕರಾರಿನ ಜೊತೆ ಒಂದು ಪುಟ ಕನ್ನಡದಲ್ಲಿ ಕೊಡಿ, ಕಂತು ಯಾವಾಗ, ಕೆಲಸ ಎಲ್ಲಿವರೆಗೆ, ಕೊನೆಯ ದಿನ ಯಾವುದು ಅಂತ. ನಾವು ಕೇಳುವುದು ಇಷ್ಟೇ. ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನೇ ಕೇಳಿ, ನಡಾವಳಿಯಲ್ಲಿ ಬರೆಸಿ.

ಈ ಬರಹ ಓದುವ ಜತ್ತ, ಅಕ್ಕಲಕೋಟೆ ಕಡೆಯವರಿಗೂ, ತಾಳವಾಡಿ, ಹೊಸೂರು ಕಡೆಯವರಿಗೂ ಒಂದು ಮಾತು. ನಿಮ್ಮಲ್ಲಿ ಕಂತಿಗೆ 'ಹಪ್ತಾ' ಅಂತಲೋ 'ತವಣೈ' ಅಂತಲೋ ಬರೆದಿರುತ್ತಾರೆ. ಯೋಜನೆ ಬೇರೆ, ಮೊತ್ತ ಬೇರೆ, ಮಳೆಯ ತಿಂಗಳೂ ಬೇರೆ. ಆದರೆ ಕಾಗದವನ್ನು ಯಾರಿಂದಲೋ ಓದಿಸಿಕೊಂಡು ಬದುಕುವ ಕಷ್ಟ ಒಂದೇ. ನಿಮ್ಮ ಕಡೆಯ ಕಾಗದದಲ್ಲಿ ಬರುವ ಇಂಥ ಶಬ್ದಗಳನ್ನು ಬರೆದು ಕಳಿಸಿ, ಅರ್ಥ ಸಮೇತ ಇಲ್ಲೇ ಹಾಕೋಣ.

ಇನ್ನು ಮಾತು ಸಾಕು. ಕರಾರಿನ ಪ್ರತಿ ತಂದವರು ಎಡಬದಿಯ ಮೇಜಿಗೆ ಬನ್ನಿ, ಒಟ್ಟಿಗೆ ಕೂತು ಓದೋಣ, ತಾರೀಕುಗಳಿಗೆ ಕೆಂಪು ಗೆರೆ ಎಳೆಯೋಣ. ತಡ ಆಗುವವರು ಬಲಬದಿಗೆ ಬನ್ನಿ, ಅರ್ಜಿ ಬರೆಯೋಣ. ಪ್ರತಿ ಸಿಗದವರು ನಾಳೆ ಹತ್ತು ಗಂಟೆಗೆ ಪಂಚಾಯತ್ ಕಚೇರಿಯ ಎದುರು ಸೇರಿ, ನಮ್ಮಲ್ಲಿ ಇಬ್ಬರು ನಿಮ್ಮ ಜೊತೆ ಒಳಗೆ ಬರುತ್ತೇವೆ. ಚಾ ಆಗಿದೆ, ಕುಡಿದುಕೊಂಡೇ ಬನ್ನಿ.